ವೆರಿಕೋಸ್ ವೇನ್ಸ್‌ಗೆ (ಕಾಲಿನಲ್ಲಿ ಉಬ್ಬಿ ಸುರುಳಿಯಾದ ರಕ್ತನಾಳಗಳಿಗೆ) ಲೇಸರ್ ಮಾಡಿಸಿ ರಕ್ತನಾಳ ಮುಚ್ಚಿದರೆ ಕಾಲಿನ ರಕ್ತ ಎಲ್ಲಿಗೆ ಹೋಗುತ್ತದೆ?

ಉಡುಪಿಯ ಹೋಟೆಲಿನಲ್ಲಿ ದಿನವಿಡೀ ನಿಂತು ದೋಸೆ ಹೊಯ್ಯುವ ನಿಮ್ಮ ಮಾವನವರ ಈ ಭಯ ಸಹಜವೇ. ಆದರೆ ಕಾಲಿನ ರಕ್ತದ ಬಹುಪಾಲನ್ನು ಮೇಲಕ್ಕೆ ಒಯ್ಯುವುದು ಆಳದ ನಾಳಗಳು. ಲೇಸರ್ ಮುಚ್ಚುವುದು ಕವಾಟ ಕೆಟ್ಟು ರಕ್ತವನ್ನು ಕೆಳಕ್ಕೇ ಬಿಡುತ್ತಿರುವ ಮೇಲ್ಪದರದ ನಾಳವನ್ನು ಮಾತ್ರ. ಮೊಣಕಾಲಿನ ಆಸುಪಾಸಿನಲ್ಲಿ ಸೂಜಿ ಚುಚ್ಚಿ, ಸ್ಕ್ಯಾನ್ ನೋಡುತ್ತಾ ತೆಳುವಾದ ತಂತುವನ್ನು ತೊಡೆಸಂದಿನ ಹತ್ತಿರದವರೆಗೆ ತೂರಿಸುತ್ತಾರೆ. ನಾಳದ ಸುತ್ತ ಮರವಳಿಕೆ ಮದ್ದು ತುಂಬಿ, ತಂತುವನ್ನು ನಿಧಾನವಾಗಿ ಹಿಂದಕ್ಕೆಳೆದಂತೆ ಅದರ ಶಾಖಕ್ಕೆ ನಾಳ ಒಳಗಿನಿಂದಲೇ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಅದೇ ದಿನ ನಡೆದಾಡಬಹುದು. ಮಂಗಳೂರು, ಮಣಿಪಾಲಗಳಲ್ಲೇ ಸೌಲಭ್ಯವಿದೆ.

ಮೊದಲು ಡಾಪ್ಲರ್ (ನಾಳಗಳಲ್ಲಿ ರಕ್ತದ ಹರಿವನ್ನು ನೋಡುವ ಸ್ಕ್ಯಾನ್) ಮಾಡಿಸಿ. ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಲೆಕ್ಕವೇ ಬೇರೆ. ಕಣಕಾಲಿನ ಒಳಬದಿಯ ಚರ್ಮ ಈಗಾಗಲೇ ಕಪ್ಪಾಗಿದ್ದರೆ ದಯವಿಟ್ಟು ಮುಂದೂಡಬೇಡಿ. ಅಲ್ಲಿ ಹುಣ್ಣಾದರೆ ಮಾಯಲು ತಿಂಗಳುಗಳೇ ಬೇಕಾಗಬಹುದು.