ಕಂಡದ್ದು ಯಾರ ನೀರು?

ನಮಸ್ಕಾರ.

ಟ್ರಾಪಿಸ್ಟ್-1ಸಿ ಎಂಬ ಬಂಡೆಗ್ರಹದ ವಾತಾವರಣದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ವಿಷಯ ಒಳ್ಳೆಯದು. ಹೊಗಳಿಕೆ ಇಷ್ಟು ಸಾಕು. ಒಂದೆರಡು ಕಡೆ ನನಗೆ ಸಿಟ್ಟೇ ಬಂತು. ಅಲ್ಲಿ ಮಾತ್ರ ನಿಲ್ಲುತ್ತೇನೆ.

ನಿಮ್ಮ ಮೊದಲ ಸಾಲು: "40 ಜ್ಯೋತಿರ್ವರ್ಷ ದೂರದ ಈ ಗ್ರಹದ ತೆಳು ಗಾಳಿಯ ಹೊದಿಕೆಯನ್ನು ಜೇಮ್ಸ್ ವೆಬ್ ಟೆಲಿಸ್ಕೋಪ್ ಕಂಡಿದೆ." ಮೂರನೇ ಪುಟದ ಕೊನೆಯ ಸಾಲು: "ಅಲ್ಲಿ ಗಾಳಿಯೇ ಇಲ್ಲ ಎಂದು ಸಾಬೀತಾಗಿದೆ." ಮೊದಲ ಪುಟದಲ್ಲಿದ್ದ ಗಾಳಿ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಯಿತು?

"ಕಂಡಿದೆ" ಎಂಬುದನ್ನೇ ತೆಗೆದುಕೊಳ್ಳಿ. ಆ ಗ್ರಹವನ್ನೇ ಯಾರೂ ಬಿಡಿಯಾಗಿ ಕಂಡಿಲ್ಲ. 2023ರಲ್ಲಿ ಪ್ರಕಟವಾದ ಅಳತೆ ನಡೆದದ್ದು ಹೀಗೆ. ಗ್ರಹ ತನ್ನ ನಕ್ಷತ್ರದ ಹಿಂದೆ ಮರೆಯಾದಾಗ ಒಟ್ಟು ಬೆಳಕು ಚೂರು ಇಳಿಯುತ್ತದೆ. ಇಳಿದಷ್ಟು ಬೆಳಕು ಗ್ರಹದ ಕಾವಿನದು. ಎಷ್ಟು ಚೂರು? ಹತ್ತು ಲಕ್ಷದಲ್ಲಿ ಸುಮಾರು 420 ಪಾಲು. ಅದರಲ್ಲೂ 94 ಪಾಲು ಆಚೀಚೆ. ಇಷ್ಟಕ್ಕೇ ನಾಲ್ಕು ಗ್ರಹಣ ಕಾದು ಅಳೆದಿದ್ದಾರೆ.

ಅಳೆದದ್ದು 15 ಮೈಕ್ರಾನ್ ಅಲೆಯುದ್ದದ ಅವಕೆಂಪು ಬೆಳಕಿನಲ್ಲಿ. ಇಂಗಾಲದ ಡೈಆಕ್ಸೈಡ್ ಅದನ್ನು ಚೆನ್ನಾಗಿ ಹೀರುತ್ತದೆ. ಶುಕ್ರನಿಗಿರುವಂಥ ದಪ್ಪ ಹೊದಿಕೆ ಇದ್ದಿದ್ದರೆ ಗ್ರಹ ಈ ಬೆಳಕಿನಲ್ಲಿ ಇನ್ನೂ ತಣ್ಣಗೆ ಕಾಣಬೇಕಿತ್ತು. ಸಿಕ್ಕಿದ್ದು ಸುಮಾರು 107 ಡಿಗ್ರಿ ಸೆಲ್ಸಿಯಸ್. ಹಾಗಾಗಿ ದಪ್ಪ ಹೊದಿಕೆ ಇರುವುದು ಅನುಮಾನ ಅಂದರು. ತೆಳುವಾದದ್ದು ಇರಬಹುದು, ಬರೀ ಬೋಳು ಬಂಡೆಯೂ ಇರಬಹುದು. ಇದರಲ್ಲಿ "ಕಂಡಿದೆ" ಎಲ್ಲಿದೆ? "ಸಾಬೀತು" ಎಲ್ಲಿದೆ?

ತೆಳು ಗಾಳಿಯನ್ನು ದೂರದಿಂದ ಅಳೆಯುವುದು ಸುಮ್ನೆ ಮಾತಲ್ಲ. ಮಂಗಳ ನಮ್ಮ ಪಕ್ಕದ್ದೇ ಅಲ್ವಾ? 1960ರ ದಶಕದ ಆರಂಭದವರೆಗೂ ಅಲ್ಲಿಯ ಗಾಳಿಯ ಒತ್ತಡ ಸುಮಾರು 85 ಮಿಲಿಬಾರ್ ಎಂದೇ ಬಹಳ ಮಂದಿ ನಂಬಿದ್ದರು. 1965ರಲ್ಲಿ ಮ್ಯಾರಿನರ್-4 ನೌಕೆ ಹತ್ತಿರ ಹೋಗಿ ಅಳೆದರೆ ಬಂದದ್ದು 4ರಿಂದ 7. ಹತ್ತು ಪಟ್ಟಿಗಿಂತ ಜಾಸ್ತಿ ತಪ್ಪು!

ಎರಡನೇ ಪುಟಕ್ಕೆ ಬರೋಣ. ಇನ್ನೊಂದು ನಕ್ಷತ್ರದ ಗ್ರಹದ ಬಗ್ಗೆ "ಜಿಜೆ 486ಬಿ ಗ್ರಹದಲ್ಲಿ ನೀರಾವಿ ಸಿಕ್ಕಿದೆ" ಎಂದು ಬರೆದಿದ್ದೀರಿ. ಇದನ್ನು ಓದಿ ನನ್ನ ಮೊದಲ ವರ್ಷ ನೆನಪಾಯಿತು. "ಮಂಗಳನ ಗಾಳಿಯಲ್ಲಿ ನೀರಾವಿ ಕಂಡಿತು" ಎಂದು ಬರೆದುಕೊಟ್ಟಿದ್ದೆ. ಹಿರಿಯ ಸಂಪಾದಕರು ಕರೆದರು.

"ಟೆಲಿಸ್ಕೋಪ್ ಎಲ್ಲಿತ್ತು?"

"ಬೆಟ್ಟದ ಮೇಲೆ, ಸಾರ್."

"ಆ ಬೆಟ್ಟದ ಮೇಲೆ ಗಾಳಿ ಇರಲಿಲ್ವಾ? ಗಾಳಿಯಲ್ಲಿ ನೀರಾವಿ ಇರಲಿಲ್ವಾ? ನೀನು ಬರೆದಿರೋದು ಯಾರ ನೀರು?"

ಬಾಯಿ ಕಟ್ಟಿಹೋಯಿತು. ಮೂರು ದಿನ ಪುಸ್ತಕಗಳ ನಡುವೆ ಕೂತೆ. ಆಗ ಸಿಕ್ಕವರು ಅಮೆರಿಕದ ಲಿಕ್ ವೀಕ್ಷಣಾಲಯದ ಖಗೋಳ ವಿಜ್ಞಾನಿ ಕ್ಯಾಂಪ್‌ಬೆಲ್. 1894ರಲ್ಲಿ ಅವರು ಮಂಗಳನ ರೋಹಿತವನ್ನು, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನು, ಚಂದ್ರನ ರೋಹಿತದ ಜೊತೆ ಇಟ್ಟು ನೋಡಿದರು. ಅನಿಲ ಹೀರಿಕೊಂಡ ಬಣ್ಣಗಳ ಜಾಗದಲ್ಲಿ ಅದರಲ್ಲಿ ಕಪ್ಪು ಗೆರೆ ಬೀಳುತ್ತವೆ. ಚಂದ್ರನಿಗೆ ಗಾಳಿ ಇಲ್ಲ ಎಂದೇ ಲೆಕ್ಕ. ಅವನ ಬೆಳಕಿನಲ್ಲಿ ಕಾಣುವ ನೀರಾವಿಯ ಗೆರೆಗಳೆಲ್ಲ ನಮ್ಮ ಗಾಳಿಯವು. ಮಂಗಳನಲ್ಲಿ ಅದಕ್ಕಿಂತ ಜಾಸ್ತಿ ಏನೂ ಕಾಣಲಿಲ್ಲ. 1909ರಲ್ಲಿ ನಮ್ಮ ನೀರಾವಿಯ ಕಾಟ ತಪ್ಪಿಸಲು ಮೌಂಟ್ ವಿಟ್ನಿ ಎಂಬ ಎತ್ತರದ ಬೆಟ್ಟದ ತುದಿಗೇ ಉಪಕರಣ ಹೊತ್ತರು. ಆಗಲೂ ಸಿಗಲಿಲ್ಲ. ನಿಜಕ್ಕೂ ಸಿಕ್ಕಿದ್ದು 1963ರಲ್ಲಿ, ಬೇರೆಯವರಿಗೆ. ಮಂಗಳ ಹತ್ತಿರ ಬರುವಾಗ ಅಥವಾ ದೂರ ಸರಿಯುವಾಗ ಅದರ ಗೆರೆಗಳು ನಮ್ಮ ಗೆರೆಗಳಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಜರುಗುತ್ತವೆ. ಆ ಕೂದಲೆಳೆಯನ್ನೇ ಹಿಡಿದರು. ನಾನು ಲೇಖನವನ್ನು ಪೂರ್ತಿ ತಿರುಗಿ ಬರೆದೆ. ಸಂಪಾದಕರು ಅದರಲ್ಲಿ ಅರ್ಧ ಕತ್ತರಿಸಿ ಹಾಕಿದರು. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ವೆಬ್ ಬಾಹ್ಯಾಕಾಶದಲ್ಲಿದೆ, ನಮ್ಮ ಗಾಳಿ ಅದಕ್ಕೆ ಅಡ್ಡ ಬರುವುದಿಲ್ಲ ಅನ್ನುತ್ತೀರಿ. ಸರಿ. ಆದರೆ ಈ ಎರಡೂ ಗ್ರಹಗಳ ನಕ್ಷತ್ರಗಳು ಕೆಂಪು ಕುಬ್ಜಗಳು, ಅಂದರೆ ಸೂರ್ಯನಿಗಿಂತ ಚಿಕ್ಕವು, ತಣ್ಣಗಿರುವವು. ಇಂಥವುಗಳ ಮೈಮೇಲೆ ಕಲೆಗಳಿರುತ್ತವೆ. ಸುತ್ತಲಿಗಿಂತ ತಣ್ಣಗಿರುವ ಆ ಕಲೆಗಳಲ್ಲೇ ನೀರಾವಿ ಇರಬಲ್ಲದು. ಜಿಜೆ 486ಬಿ ನೋಡಿದವರೇ 2023ರಲ್ಲಿ ಇದನ್ನು ಹೇಳಿದ್ದರು: ಈ ನೀರು ಗ್ರಹದ್ದಾಗಿರಬಹುದು, ನಕ್ಷತ್ರದ್ದೂ ಆಗಿರಬಹುದು. ನೀವೂ ಇದನ್ನು ಓದಿದ್ದೀರಿ. ಯಾಕೆಂದರೆ ಅದೇ ಪುಟದ ಕೆಳಗೆ ಕಂಸದೊಳಗೆ "ನಕ್ಷತ್ರದ ಕಲೆಗಳ ಗೊಂದಲವೂ ಇದೆ" ಎಂದು ಅರ್ಧ ಸಾಲು ಅಡಗಿಸಿಟ್ಟಿದ್ದೀರಿ.

ಆ ಅರ್ಧ ಸಾಲನ್ನು ಹೊರಗೆ ತನ್ನಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಕೆಂಪು ಶಾಯಿ ಸ್ವಲ್ಪ ಜಾಸ್ತಿಯೇ ಆಗಿದೆ, ಬೇಜಾರು ಮಾಡ್ಕೋಬೇಡಿ.