ಓದುಗರ ಪ್ರಶ್ನೆ: 51 ಬೈಟಿನೊಳಗೆ ಅಡಿಕೆ ತೋಟ

ಪ್ರಶ್ನೆ: ತೋಟಕ್ಕೆ ಲೋರಾವಾನ್ (ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ ಜಾಲ) ಸೆನ್ಸರ್ ನೋಡ್‌ಗಳನ್ನು ಕೂರಿಸಿದ್ದೇವೆ. ಮಣ್ಣಿನ ತೇವ, ಬೋರ್ ಮೋಟರ್ ಓಡುತ್ತಿದೆಯೇ, ಬ್ಯಾಟರಿ ಎಷ್ಟಿದೆ, ಇಷ್ಟೇ ಮಾಹಿತಿ. ಯಾಂಗ್ (ಮಾಹಿತಿಯ ರಚನೆಯನ್ನು ವಿವರಿಸುವ ಭಾಷೆ) ಮಾಡೆಲ್ ಬರೆದು ಜೇಸನ್ (ಹೆಸರು-ಮೌಲ್ಯಗಳನ್ನು ಪಠ್ಯವಾಗಿ ಬರೆಯುವ ಬಗೆ) ರೂಪದಲ್ಲಿ ಕಳಿಸಿದರೆ ದೂರದ ನೋಡ್‌ಗಳಿಂದ ಏನೂ ಬರುವುದಿಲ್ಲ. ‘ಸಿಡ್ ಬಳಸಿ’ ಎನ್ನುತ್ತಾರೆ. ಹೇಗೆ?
– ಓದುಗರು, ಸಂತೇಬೆನ್ನೂರು

ಉತ್ತರ: ನಮ್ಮಲ್ಲಿ ಲೋರಾವಾನ್ ಓಡುವುದು 865–867 ಮೆಗಾಹರ್ಟ್ಸ್‌ನಲ್ಲಿ. ದೂರದ ನೋಡ್ ಅತಿ ನಿಧಾನದ ವೇಗಕ್ಕೆ ಇಳಿದಾಗ ಒಂದು ಸಂದೇಶದಲ್ಲಿ ನಿಮಗೆ ಸಿಗುವುದು 51 ಬೈಟ್. ‘ತೋಟ:ಸ್ಟೇಟಸ್’ ಒಳಗೆ ‘ಸಾಯಿಲ್-ಮಾಯಿಶ್ಚರ್’ 34, ‘ಮೋಟರ್-ಆನ್’ ಹೌದು, ‘ಬ್ಯಾಟರಿ-ಎಂವಿ’ 3610 ಎಂದು ಇಂಗ್ಲಿಷ್ ಅಕ್ಷರದಲ್ಲಿ ಜೇಸನ್ ಬರೆದು ಎಣಿಸಿ ನೋಡಿ: 70 ಬೈಟ್. ಅದರಲ್ಲಿ ಅಳತೆಯ ಪಾಲು ಹತ್ತೇ ಬೈಟ್, ಮಿಕ್ಕಿದ್ದೆಲ್ಲ ಹೆಸರು, ಕೋಟ್, ಬ್ರ್ಯಾಕೆಟ್.

ಸಿಡ್ ಎಂದರೆ ಮಾಡೆಲ್‌ನ ಪ್ರತಿಯೊಂದು ಅಂಶಕ್ಕೆ, ಅಂದರೆ ಮಾಡ್ಯೂಲ್ (ಇಡೀ ಮಾಡೆಲ್ ಫೈಲ್), ಕಂಟೇನರ್ (ಬೇರೆ ಅಂಶಗಳನ್ನು ಒಳಗಿಟ್ಟುಕೊಂಡ ಗುಂಪು), ಲೀಫ್ (ಒಂದು ಮೌಲ್ಯದ ಅಂಶ) ಎಲ್ಲಕ್ಕೂ, ಕೊಡುವ ಒಂದು ಪೂರ್ಣಾಂಕ. 2024ರ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡಗಳ ದಾಖಲೆ) 9595 ಇದರ ನಿಯಮ. ಜೇಸನ್‌ನಂಥ ಮಾಹಿತಿಯನ್ನೇ ಅಡಕವಾದ ಬೈಟ್‌ಗಳಲ್ಲಿಡುವ ಸಿಬಾರ್‌ನಲ್ಲಿ ಇದನ್ನು ಬರೆಯುವ ಬಗೆ 2022ರ ಆರ್‌ಎಫ್‌ಸಿ 9254ರಲ್ಲಿದೆ. ಮಾಡ್ಯೂಲ್‌ಗೆ 60000, ಕಂಟೇನರ್‌ಗೆ 60001, ಮೂರು ಲೀಫ್‌ಗಳಿಗೆ 60002ರಿಂದ 60004 ಎಂದಿಟ್ಟುಕೊಳ್ಳಿ. ಹೊರಗಿನ ಕೀ (ಹೆಸರಿನ ಜಾಗದಲ್ಲಿ ಬರುವ ಸಂಖ್ಯೆ) 60001ಕ್ಕೆ 3 ಬೈಟ್ ಬೇಕು. ಒಳಗಿನ ಲೀಫ್‌ಗೆ ಪೂರ್ತಿ ಸಂಖ್ಯೆ ಬರೆಯುವುದಿಲ್ಲ, ಕಂಟೇನರ್‌ನಿಂದ ಇರುವ ವ್ಯತ್ಯಾಸ ಸಾಕು: 1, 2, 3. ತಲಾ ಒಂದು ಬೈಟ್. ಮೌಲ್ಯಗಳೂ ಸೇರಿ ಒಟ್ಟು 14 ಬೈಟ್.

ಎರಡು ಕಡೆ ಎಚ್ಚರ ಬೇಕು. ಸಿಬಾರ್‌ನಲ್ಲಿ 23ರವರೆಗೆ ಒಂದೇ ಬೈಟ್, 24 ಆದೊಡನೆ ಎರಡು. ಆದ್ದರಿಂದ ಪದೇ ಪದೇ ಕಳಿಸುವ ಲೀಫ್‌ಗಳು ಕಂಟೇನರ್‌ಗೆ ಹತ್ತಿರವಿರಲಿ. ವೋಲ್ಟೇಜನ್ನು 3.61 ಎಂದು ಯಾಂಗ್‌ನ ದಶಮಾಂಶ ಬಗೆಯಾದ ಡೆಸಿಮಲ್64ರಲ್ಲಿ ಇಟ್ಟರೆ 6 ಬೈಟ್ ತಿನ್ನುತ್ತದೆ, ಮಿಲಿವೋಲ್ಟ್ ಪೂರ್ಣಾಂಕವಾದರೆ 3.

ಇನ್ನು ಸಿಡ್ ಬಳಸಿ ಸಾಧನಗಳನ್ನು ನಿರ್ವಹಿಸುವ ಕ್ರಮವಾದ ಕೋರ್‌ಕಾನ್ಫ್‌ಗೆ ಕೋಯಾಪ್ (ಸಣ್ಣ ಸಾಧನಗಳಿಗಾಗಿ ಮಾಡಿದ ವೆಬ್ ಪ್ರೋಟೊಕಾಲ್) ಬೇಕಲ್ಲ. ಸಂದೇಶದ ಮುಂದೆ ಅಂಟಿಕೊಳ್ಳುವ ಐಪಿವಿ6 ಹೆಡರ್ 40 ಬೈಟ್, ಯುಡಿಪಿ 8, ಕೋಯಾಪ್ ಕನಿಷ್ಠ 4: ಒಟ್ಟು 52. ಒಂದಕ್ಷರ ಹೇಳುವ ಮೊದಲೇ 51 ದಾಟಿತು! ಎಸ್‌ಸಿಎಚ್‌ಸಿ ಹೆಡರ್ ಸಂಕೋಚನ ಇಲ್ಲದೆ ಲೋರಾವಾನ್ ಮೇಲೆ ಇದು ನಡೆಯದು. ಅದು ಕಷ್ಟವೆನಿಸಿದರೆ ಆ 14 ಬೈಟನ್ನು ನೇರವಾಗಿ ಲೋರಾವಾನ್ ಪೇಲೋಡ್‌ನಲ್ಲಿ ಕಳಿಸಿ, ಗೇಟ್‌ವೇ ಆಚೆಯ ಸರ್ವರ್‌ನಲ್ಲಿ ಬಿಡಿಸಿಕೊಳ್ಳಿ. ಇಂಥ ತೋಟಕ್ಕೆ ನಮ್ಮ ಒಲವು ಅದಕ್ಕೇ.

ಪ್ರಶ್ನೆ: ಮಾಡೆಲ್‌ಗೆ ಒಂದು ಲೀಫ್ ಸೇರಿಸಿದ ಮೇಲೆ ಹಳೆಯ ನೋಡ್‌ಗಳ ಮಣ್ಣಿನ ತೇವ 3600 ಎಂದು ತೋರಿಸುತ್ತಿದೆ. ಸೆನ್ಸರ್ ಬದಲಿಸಿದರೂ ಹಾಗೆಯೇ.
– ಓದುಗರು, ಹಿರಿಯೂರು

ಉತ್ತರ: ಸೆನ್ಸರ್ ಮುಟ್ಟಬೇಡಿ. ಅದು ಬ್ಯಾಟರಿಯ ಮಿಲಿವೋಲ್ಟ್. ಯಾಂಗ್ ಫೈಲ್‌ಗಳನ್ನು ಸಂಸ್ಕರಿಸುವ ಪೈಯಾಂಗ್ ತಂತ್ರಾಂಶದಲ್ಲಿ ಸಿಡ್ ಫೈಲನ್ನು (ಯಾವ ಅಂಶಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ) ಹೊಸದಾಗಿ ಮಾಡಿಸಿದ್ದೀರಿ ಎಂದು ಕಾಣುತ್ತದೆ. ಆಗ ಸಂಖ್ಯೆಗಳು ಮೊದಲಿನಿಂದ ಹಂಚಿಕೆಯಾಗುತ್ತವೆ, ನಡುವೆ ನುಸುಳಿದ ಲೀಫ್‌ನಿಂದ ಮುಂದಿನವು ಜಾರುತ್ತವೆ. ಹಳೆಯ ನೋಡ್‌ಗೆ ಇದು ಗೊತ್ತಿಲ್ಲ, ಹಳೆಯ ಸಂಖ್ಯೆಯನ್ನೇ ಕಳಿಸುತ್ತದೆ.

ಸರ್ವರ್‌ನಲ್ಲಿ ಹಳೆಯ ಸಿಡ್ ಫೈಲ್ ಮರಳಿ ಇಡಿ. ಅದನ್ನೇ ಆಧಾರವಾಗಿ ಕೊಟ್ಟು ಪೈಯಾಂಗ್‌ನ ಅಪ್‌ಡೇಟ್ ಆಯ್ಕೆ ಓಡಿಸಿ: ಇದ್ದವು ಇದ್ದಲ್ಲೇ ಉಳಿದು, ಹೊಸದಕ್ಕೆ ಮಾತ್ರ ಹೊಸ ಸಂಖ್ಯೆ ಬರುತ್ತದೆ. ಈ ನಡುವೆ ತಪ್ಪು ಫೈಲ್‌ನಿಂದ ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ತುಂಬಿದ ನೋಡ್‌ಗಳಿದ್ದರೆ ಅವನ್ನು ಮತ್ತೆ ತುಂಬಲೇಬೇಕು. ಲೀಫ್ ತೆಗೆದರೂ ಅದರ ಸಂಖ್ಯೆಯನ್ನು ಬೇರೆಯದಕ್ಕೆ ಕೊಡುವಂತಿಲ್ಲ. ಸಿಡ್ ಫೈಲನ್ನು ಯಾಂಗ್ ಫೈಲ್ ಜೊತೆಗೇ, ಹಳೆಯ ಆವೃತ್ತಿಗಳನ್ನೂ ಉಳಿಸುವ ಗಿಟ್‌ನಲ್ಲಿಡಿ.

ಪ್ರಶ್ನೆ: ಈ ಸಿಡ್ ಸಂಖ್ಯೆಗಳನ್ನು ಯಾರಿಂದ ಪಡೆಯಬೇಕು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕಾಲೇಜು ಪ್ರಾಜೆಕ್ಟಿಗೆ ಯಾರನ್ನೂ ಕೇಳಬೇಕಿಲ್ಲ, 60,000ದಿಂದ 99,999ರವರೆಗಿನವು ಪ್ರಯೋಗಕ್ಕೆಂದೇ ಮೀಸಲು. ಅದರಲ್ಲೂ 65,535ರೊಳಗೇ ಇರಿ, ಅದು ದಾಟಿದರೆ 3 ಬೈಟ್ ಇದ್ದದ್ದು 5 ಆಗುತ್ತದೆ. ಮಾರಾಟದ ಸಾಧನಕ್ಕೆ ಇವು ಸಲ್ಲವು, ಇನ್ನೊಬ್ಬರ ಸಂಖ್ಯೆಯೊಂದಿಗೆ ಡಿಕ್ಕಿಯಾಗುತ್ತವೆ. ಆಗ ಇಂಟರ್ನೆಟ್ ಸಂಖ್ಯೆಗಳನ್ನು ಹಂಚುವ ಸಂಸ್ಥೆಯಾದ ಅಯಾನಾದಿಂದ ಹತ್ತು ಲಕ್ಷ ಸಂಖ್ಯೆಗಳ ‘ಮೆಗಾ ರೇಂಜ್’ ಪಡೆದಿರುವ ಸಂಸ್ಥೆಯೊಂದರಿಂದ ಸಣ್ಣ ತುಂಡು ಕೇಳಿಕೊಳ್ಳಿ.