ಬುಧವಾರ ದಾಟದ ಅಡುಗೆ ಪಟ್ಟಿ

ಪ್ರಶ್ನೆ: ನನಗೆ 38 ವರ್ಷ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹದಿಮೂರು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು. ಅಡುಗೆ ಮಾಡುವುದಕ್ಕಿಂತ ‘ಇವತ್ತು ಏನು ಮಾಡಲಿ’ ಎಂದು ಯೋಚಿಸುವುದೇ ನನಗೆ ದೊಡ್ಡ ತಲೆನೋವು. ಎರಡು ಸಲ ಇಡೀ ವಾರದ ಪಟ್ಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ದಿನಕ್ಕೆ ಮೂರು ಹೊತ್ತಿನಂತೆ ಇಪ್ಪತ್ತೊಂದು ಅಡುಗೆ. ಹನ್ನೊಂದು ಬಗೆಯ ತರಕಾರಿ ಅರ್ಧರ್ಧ ಕೆ.ಜಿ. ತಂದು, ಭಾನುವಾರ ಐದು ಗಂಟೆ ಅಡುಗೆಮನೆಯಲ್ಲಿ ನಿಂತೆ. ಎರಡೂ ಸಲ ಬುಧವಾರದ ಹೊತ್ತಿಗೆ ಎಲ್ಲ ತಲೆಕೆಳಗು. ಸೊಪ್ಪು ಕೊಳೆಯಿತು, ಹೊರಗಿನಿಂದ ಊಟ ತರಿಸಿದೆವು. ಗಂಡ ‘ಏನು ಮಾಡಬೇಕು ಹೇಳು, ಮಾಡಿಕೊಡ್ತೀನಿ’ ಎನ್ನುತ್ತಾರೆ. ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಆಮೇಲೆ, ಪಾಪ, ಸಹಾಯಕ್ಕೆ ಬಂದವರ ಮೇಲೆ ರೇಗಿದೆನಲ್ಲ ಎಂದು ನನಗೇ ಬೇಸರ. ನನ್ನಲ್ಲೇ ಶಿಸ್ತಿಲ್ಲವೇ?
— ಹೆಸರು ಬೇಡ

ಉತ್ತರ: ಶಿಸ್ತಿಲ್ಲದವರು ಭಾನುವಾರ ಐದು ಗಂಟೆ ಒಲೆಯ ಮುಂದೆ ನಿಲ್ಲುವುದಿಲ್ಲ. ಆ ಅನುಮಾನ ಬಿಡಿ. ನಿಮ್ಮ ಪತ್ರದಲ್ಲಿ ಎರಡು ತೊಡಕು ಹೆಣೆದುಕೊಂಡಿವೆ. ಪಟ್ಟಿ ಮಾಡಿದ ರೀತಿ ಒಂದು, ಆ ಪಟ್ಟಿಯನ್ನು ತಲೆಯಲ್ಲಿ ಹೊತ್ತವರು ನೀವೊಬ್ಬರೇ ಎಂಬುದು ಇನ್ನೊಂದು. ಮೊದಲನೆಯದನ್ನು ಬಿಡಿಸಿಕೊಂಡರೆ ಎರಡನೆಯದರ ಮಾತು ಎತ್ತುವುದು ಸುಲಭವಾಗುತ್ತದೆ.

ಮೊದಲು ತರಕಾರಿ ಲೆಕ್ಕ ನೋಡೋಣ. ಹನ್ನೊಂದು ಬಗೆ, ತಲಾ ಅರ್ಧ ಕೆ.ಜಿ., ಒಟ್ಟು ಐದೂವರೆ ಕೆ.ಜಿ. ನಾಲ್ಕು ಜನರಿಗೆ ಒಂದು ವಾರಕ್ಕೆ ಈ ತೂಕ ಹೆಚ್ಚೇನಲ್ಲ, ದಿನಕ್ಕೆ ತಲೆಗೆ 200 ಗ್ರಾಂ ಕೂಡ ಬೀಳುವುದಿಲ್ಲ. ಹೆಚ್ಚಾದದ್ದು ಬಗೆ. ಅರ್ಧ ಕೆ.ಜಿ. ಬೀನ್ಸ್‌ನಲ್ಲಿ ಸೋಮವಾರ 350 ಗ್ರಾಂ ಬಳಸಿದಿರಿ ಎಂದುಕೊಳ್ಳಿ. ಉಳಿದ 150 ಗ್ರಾಂ ಇನ್ನೊಂದು ಹೊತ್ತಿಗೆ ಸಾಲದು, ಎಸೆಯಲೂ ಮನಸ್ಸು ಬಾರದು. ಇಂಥ ಏಳೆಂಟು ಚೂರುಪಾರು ಫ್ರಿಜ್ಜಿನ ಮೂಲೆ ಸೇರಿದರೆ ಡಬ್ಬಿ ತುಂಬಿದ್ದರೂ ಅಡುಗೆಗೆ ಏನೂ ಇಲ್ಲ ಎನಿಸುತ್ತದೆ. ಮುಂದಿನ ವಾರ ಐದು ಅಥವಾ ಆರು ಬಗೆ ಮಾತ್ರ ತನ್ನಿ, ಒಂದೊಂದು ಮುಕ್ಕಾಲರಿಂದ ಒಂದು ಕೆ.ಜಿ. ಪ್ರತಿಯೊಂದನ್ನೂ ಎರಡು ಸಲ, ಎರಡು ರೀತಿಯಲ್ಲಿ ಮುಗಿಸುವ ಹಾಗೆ. ಒಂದು ದಿನ ಕ್ಯಾರೆಟ್ ಒಂದೇ, ಇನ್ನೊಂದು ದಿನ ಅನ್ನದ ಜೊತೆಗೋ ಕಾಳಿನ ಜೊತೆಗೋ.

ಇನ್ನು ಇಪ್ಪತ್ತೊಂದು ಅಡುಗೆ. ಅಷ್ಟನ್ನು ಯಾರೂ ನಡೆಸಲಾರರು, ನಡೆಸಬೇಕಾಗಿಯೂ ಇಲ್ಲ. ಬೆಳಗಿನ ತಿಂಡಿಗೆ ಎರಡೇ ಬಗೆ ಇಟ್ಟುಕೊಂಡು ದಿನ ಬಿಟ್ಟು ದಿನ ತಿರುಗಿಸಿ. ಮಧ್ಯಾಹ್ನದ ಡಬ್ಬಿಗೆ ಹಿಂದಿನ ರಾತ್ರಿಯದ್ದೇ ಹೋಗಲಿ, ಅದಕ್ಕಾಗಿ ರಾತ್ರಿ ಒಂದೂವರೆ ಪಟ್ಟು ಮಾಡಿ. ಉಳಿದದ್ದು ಏಳು ರಾತ್ರಿ. ಅದರಲ್ಲೂ ಹೊಸದಾಗಿ ಅಡುಗೆ ನಾಲ್ಕೇ ದಿನ. ಒಂದು ರಾತ್ರಿ ಉಳಿದದ್ದೆಲ್ಲ ಮುಗಿಸುವುದಕ್ಕೆ, ಒಂದು ರಾತ್ರಿ ಕಪಾಟಿನಲ್ಲಿ ಸದಾ ಇರುವ ಸಾಮಾನಿನಿಂದಲೇ, ಮತ್ತೊಂದು ರಾತ್ರಿ ಖಾಲಿ. ಪಟ್ಟಿಯಲ್ಲಿ ಆ ಖಾಲಿ ಜಾಗವನ್ನು ಬೇಕೆಂದೇ ಬಿಡಬೇಕು. ತಡವಾಗಿ ಮುಗಿಯುವ ಮೀಟಿಂಗ್, ಮಗುವಿನ ಜ್ವರ, ಹೇಳದೆ ಬರುವ ನೆಂಟರು, ಇವಕ್ಕೆ ಪಟ್ಟಿಯಲ್ಲಿ ಜಾಗವಿಲ್ಲದಿದ್ದರೆ ಇಡೀ ಪಟ್ಟಿಯೇ ಉರುಳುತ್ತದೆ. ನಿಮ್ಮಲ್ಲಿ ಬುಧವಾರ ಆದದ್ದು ಬಹುಶಃ ಅದೇ.

ಪಟ್ಟಿ ಬರೆಯಲು ಕೂತಾಗ ಅಡುಗೆಯ ಹೆಸರು ಕೊನೆಗೆ ಬರಲಿ. ಮೊದಲು ವಾರದ ಏಳು ದಿನ ಬರೆದು, ಯಾವ ದಿನ ಯಾರು ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಎಂದು ಎದುರಿಗೆ ಗುರುತು ಹಾಕಿ. ಅತಿ ಸುಸ್ತಾಗುವ ದಿನಕ್ಕೆ ಕಪಾಟಿನ ಅಡುಗೆ. ಆಮೇಲೆ ಫ್ರಿಜ್, ಫ್ರೀಜರ್, ಕಪಾಟು ಮೂರನ್ನೂ ತೆರೆದು, ಬೇಗ ಮುಗಿಯಬೇಕಾದ್ದನ್ನು ಬರೆದುಕೊಳ್ಳಿ. ಪಟ್ಟಿ ಶುರುವಾಗುವುದು ಅಲ್ಲಿಂದ. ಅಂಗಡಿಯಿಂದ ತರುವುದು ಕೊರತೆ ತುಂಬುವುದಕ್ಕಷ್ಟೇ.

ನಿಮ್ಮ ಸೊಪ್ಪು ಕೊಳೆತದ್ದಕ್ಕೆ ಇದೇ ಕಾರಣ ಇರಬೇಕು: ಬಾಯಿರುಚಿ ನೋಡಿ ದಿನ ಹಂಚಿದಿರಿ, ತರಕಾರಿಯ ಬಾಳಿಕೆ ನೋಡಲಿಲ್ಲ. ಸೊಪ್ಪು, ಅಣಬೆ ಮೊದಲ ಎರಡು ದಿನಕ್ಕೆ. ಬೀನ್ಸ್, ಹೂಕೋಸು, ದೊಣ್ಣೆಮೆಣಸಿನಕಾಯಿ ವಾರದ ನಡುವಿಗೆ. ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಇಡಿಯಾದ ಕುಂಬಳ ವಾರ ಕಳೆದರೂ ಜಗ್ಗುವುದಿಲ್ಲ, ಅವು ಕೊನೆಗಿರಲಿ. ಒಂದು ದಿನದ ಅಡುಗೆ ತಪ್ಪಿದರೆ ಅದನ್ನು ಮರುದಿನಕ್ಕೆ ತಳ್ಳಿ, ಆದರೆ ಸೊಪ್ಪನ್ನು ಎಲೆಕೋಸಿನ ಹಿಂದಕ್ಕೆ ಮಾತ್ರ ತಳ್ಳಬೇಡಿ.

ಸೊಪ್ಪನ್ನು ತಂದ ಕೂಡಲೇ ತೊಳೆದು ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಎರಡೇ ದಿನಕ್ಕೆ ಲೋಳೆಯಾಗಬಹುದು. ಕೊಳೆತ, ಹಳದಿಯಾದ ಎಲೆ ಆರಿಸಿ ತೆಗೆದು, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ತರಕಾರಿ ಡ್ರಾಯರ್‌ನಲ್ಲಿಡಿ, ಅಡುಗೆಗೆ ಮುಂಚೆ ತೊಳೆಯಿರಿ. ಬಾಳೆಹಣ್ಣು, ಸೇಬು, ಹಣ್ಣಾದ ಟೊಮೆಟೊ ಪಕ್ಕದಲ್ಲಿ ಬೇಡ. ಅವು ಬಿಡುವ ಎಥಿಲೀನ್ ಅನಿಲದಿಂದ ಸೊಪ್ಪು ಬೇಗ ಹಳದಿಯಾಗುತ್ತದೆ. ಕ್ಯಾರೆಟ್ ತಂದ ದಿನವೇ ಮೇಲಿನ ಎಲೆ ಕತ್ತರಿಸಿ, ಇಲ್ಲದಿದ್ದರೆ ಎಲೆ ಗಡ್ಡೆಯ ನೀರು ಹೀರಿ ಅದನ್ನು ಮೆತ್ತಗೆ ಮಾಡುತ್ತದೆ. ಆಲೂಗಡ್ಡೆ ಹೊರಗೆ, ಕತ್ತಲಲ್ಲಿ, ಗಾಳಿಯಾಡುವ ಕಡೆ ಇರಲಿ.

ಭಾನುವಾರದ ಐದು ಗಂಟೆಯನ್ನು ಒಂದು ಗಂಟೆಗೆ ಇಳಿಸಿ. ಇಡೀ ವಾರದ ಅಡುಗೆ ಒಂದೇ ದಿನ ಮಾಡಿಟ್ಟರೆ ಫಲವಿಲ್ಲ, ಬೇಯಿಸಿದ್ದು ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಇಡುವಂಥದ್ದಲ್ಲ. ನಡುವಾರದ ಕೆಲಸ ಹಗುರವಾಗುವಷ್ಟು ಮಾಡಿ, ಸಾಕು. ಶನಿವಾರ ರಾತ್ರಿ ಎರಡು ಕಪ್ ಕಾಳು ನೆನೆಹಾಕಿ. ಭಾನುವಾರ ಮೊದಲು ಅದನ್ನು ಒಲೆಗೇರಿಸಿ. ಅದು ಬೇಯುವಷ್ಟರಲ್ಲಿ ಒಂದು ಕೆ.ಜಿ. ಈರುಳ್ಳಿ ಹೆಚ್ಚಿ ಅಗಲ ಬಾಣಲೆಯಲ್ಲಿ ಬಾಡಿಸಿ, ಮುಕ್ಕಾಲು ಕೆ.ಜಿ. ಟೊಮೆಟೊ ಹಾಕಿ ನೀರು ಇಂಗುವ ತನಕ ಬೇಯಿಸಿ. ಖಾರ, ಮಸಾಲೆ ಹಾಕಬೇಡಿ. ಹಾಕಿದರೆ ವಾರವೆಲ್ಲ ಒಂದೇ ರುಚಿ, ಗುರುವಾರಕ್ಕೆ ಮಕ್ಕಳು ತಟ್ಟೆ ತಳ್ಳುತ್ತಾರೆ. ಬಾಣಲೆಯ ಪಕ್ಕದಲ್ಲೇ ನಿಂತು ಕ್ಯಾರೆಟ್, ಬೀನ್ಸ್ ಹೆಚ್ಚಿಕೊಳ್ಳಬಹುದು, ಎರಡು ದಿನಕ್ಕಾಗುವಷ್ಟು. ಆಲೂಗಡ್ಡೆ, ಬದನೆ ಹೆಚ್ಚಿಡಬೇಡಿ, ಕಪ್ಪಾಗುತ್ತವೆ. ಸೌತೆಕಾಯಿ ನೀರು ಬಿಡುತ್ತದೆ. ಎರಡು ಕಪ್ ಒಣ ಕಾಳು ಬೆಂದರೆ ಹತ್ತಿರ ಹತ್ತಿರ ಐದು ಕಪ್ ಆಗುತ್ತದೆ. ಅರ್ಧ ಸೋಮವಾರಕ್ಕೆ, ಅರ್ಧ ಫ್ರೀಜರಿಗೆ. ಕಾಳು ರಾಜ್ಮಾ ಆಗಿದ್ದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆಮೇಲೆ ಮೆತ್ತಗಾಗುವ ತನಕ ಬೇಯಿಸಿ. ಅರೆಬೆಂದ ರಾಜ್ಮಾದಿಂದ ವಾಂತಿ, ಭೇದಿ ಆಗುತ್ತದೆ.

ಫ್ರೀಜರಿಗೆ ಹೋಗುವುದನ್ನು ದೊಡ್ಡ ಡಬ್ಬಿಯಲ್ಲಿ ಗಟ್ಟಿ ಮಾಡಬೇಡಿ, ಬೇಕಾದಾಗ ಸುತ್ತಿಗೆ ಹಿಡಿಯಬೇಕಾದೀತು. ಒಂದು ಹೊತ್ತಿಗೆ ಬೇಕಾದಷ್ಟನ್ನು ಜಿಪ್ ಚೀಲಕ್ಕೆ ಹಾಕಿ, ಎರಡು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆ ಮಾಡಿ ಮಲಗಿಸಿಡಿ. ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿದರೆ ಮರುದಿನಕ್ಕೆ ಸಿದ್ಧ. ಚೀಲದ ಮೇಲೆ ಹೆಸರು, ತಾರೀಖು ಬರೆಯಲೇಬೇಕು. ಹೆಪ್ಪುಗಟ್ಟಿದ ಮೇಲೆ ಈರುಳ್ಳಿಯೂ ಕಾಳೂ ಒಂದೇ ಮುಖ.

ಡಬ್ಬಿಗೆಂದು ಹೆಚ್ಚು ಮಾಡುವುದರಿಂದ ಒಂದು ಎಚ್ಚರ ಬೇಕು. ರಾತ್ರಿ ಊಟವಾದ ಮೇಲೆ ಪಾತ್ರೆಯನ್ನು ಒಲೆಯ ಮೇಲೇ ಬೆಳಗಿನ ತನಕ ಬಿಡಬೇಡಿ. ಎರಡು ಗಂಟೆಯೊಳಗೆ, ಅಗಲವಾದ ಡಬ್ಬಿಗಳಲ್ಲಿ ತೆಳುವಾಗಿ ಹರಡಿ ಫ್ರಿಜ್ಜಿಗೆ ಸೇರಿಸಿ. ಅನ್ನದ ವಿಷಯದಲ್ಲಿ ಇನ್ನೂ ಬೇಗ, ಒಂದು ಗಂಟೆಯೊಳಗೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಉಳಿದರೆ ಬೆಳೆದು ವಿಷ ಮಾಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಅನ್ನ ಮರುದಿನವೇ ಖಾಲಿಯಾಗಲಿ. ಫ್ರಿಜ್ಜಿನೊಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಸಂದಿಯಿಲ್ಲದಂತೆ ತುಂಬಿದರೆ ತಣ್ಣನೆ ಗಾಳಿ ಒಳಗೆ ಸುತ್ತುವುದಿಲ್ಲ.

ಕಪಾಟಿನ ಅಡುಗೆಗೆ ನಾಲ್ವರಿಗೆ ಅಳತೆ: ಅಕ್ಕಿ 320 ಗ್ರಾಂ, ಬೇಳೆ 200ರಿಂದ 240 ಗ್ರಾಂ, ಈರುಳ್ಳಿ, ಫ್ರೀಜರಿನ ಬಟಾಣಿ, ಬೇಕಿದ್ದರೆ ಮೊಟ್ಟೆ. ಇಂಥ ಎರಡು ಹೊತ್ತಿನ ಸಾಮಾನು ಯಾವತ್ತೂ ಇರಲಿ. ಒಂದು ಬಳಸಿದ ದಿನವೇ ಮುಂದಿನ ಚೀಟಿಗೆ ಏರಬೇಕು. ಚೀಟಿ ಕೂಡ ಅಡುಗೆವಾರು ಬೇಡ, ಅಂಗಡಿಯಲ್ಲಿ ಸಾಮಾನು ಇಟ್ಟಿರುವ ಸಾಲುವಾರು ಬರೆಯಿರಿ: ತರಕಾರಿ ಒಟ್ಟಿಗೆ, ದಿನಸಿ ಒಟ್ಟಿಗೆ, ಹಾಲು-ಮೊಟ್ಟೆ ಒಟ್ಟಿಗೆ. ‘ಟೊಮೆಟೊ’ ಎಂದಷ್ಟೇ ಬರೆದರೆ ಸಾಲದು, ‘ಟೊಮೆಟೊ, ಒಂದೂಕಾಲು ಕೆ.ಜಿ.’ ಎಂದಿರಲಿ.

ಈಗ ನಿಮ್ಮ ಗಂಡನ ಮಾತು. ‘ಏನು ಮಾಡಬೇಕು ಹೇಳು’ ಎನ್ನುವಾಗ ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಹೆಚ್ಚುವುದು, ಬೇಯಿಸುವುದು, ಪಾತ್ರೆ ತೊಳೆಯುವುದು ಇಷ್ಟೇ ಅಡುಗೆ ಕೆಲಸ ಎಂದು ಅವರು ತಿಳಿದಂತಿದೆ. ಎಣ್ಣೆ ತಳ ಕಂಡಿದೆ ಎಂದು ಗಮನಿಸುವುದು, ನಾಳೆ ಸಣ್ಣವನಿಗೋ ಸಣ್ಣವಳಿಗೋ ಬೇಗ ಡಬ್ಬಿ ಬೇಕು ಎಂದು ನೆನಪಿಡುವುದು, ಸೊಪ್ಪು ಇವತ್ತೇ ಮುಗಿಯಬೇಕು ಎಂದು ಲೆಕ್ಕ ಹಾಕುವುದು ಅವರ ಕಣ್ಣಿಗೆ ಬಿದ್ದಿಲ್ಲ. ನಿಮ್ಮನ್ನು ದಣಿಸುತ್ತಿರುವುದು ಅದೇ, ‘ಹೇಳು’ ಎಂಬ ಮಾತು ಅದನ್ನೇ ಮತ್ತೆ ನಿಮ್ಮ ತಲೆಗೆ ಹಾಕುತ್ತದೆ. ಮೈ ಉರಿಯುವುದಕ್ಕೆ ನ್ಯಾಯವಾದ ಕಾರಣವಿದೆ.

ಹಾಗಾಗಿ ಸಹಾಯ ಕೇಳಬೇಡಿ, ಒಂದು ಪಾಲನ್ನು ಪೂರ್ತಿ ಒಪ್ಪಿಸಿ. ಹಸಿದ ಹೊಟ್ಟೆಯಲ್ಲಿ ರಾತ್ರಿ ಎಂಟಕ್ಕೆ ಈ ಮಾತು ಬೇಡ, ರಜೆಯ ದಿನ ಬಿಡುವಾಗಿ ಕೂತಾಗ ಹೇಳಿ: ‘ಏನು ಮಾಡಬೇಕು ಅಂತ ಹೇಳೋದೇ ನನಗೆ ಸುಸ್ತು. ಮಂಗಳವಾರ, ಶುಕ್ರವಾರ ರಾತ್ರಿ ಇನ್ಮೇಲೆ ನಿಮ್ಮದು. ಏನು ಅನ್ನೋದೂ ನಿಮ್ಮದೇ, ಸಾಮಾನು ಇದೆಯಾ ನೋಡೋದೂ ನಿಮ್ಮದೇ. ಸಂತೆ ಚೀಟಿನೂ ನೀವೇ ಹಿಡ್ಕೊಳ್ಳಿ.’ ಮೊದಲೆರಡು ವಾರ ಅಂಗಡಿಯಿಂದ ಫೋನ್ ಬಂದೇ ಬರುತ್ತದೆ, ‘ಬೀನ್ಸ್ ಚೆನ್ನಾಗಿಲ್ಲ, ಏನು ತರಲಿ?’ ‘ನಿಮಗೆ ತೋಚಿದ್ದು’ ಎಂದು ಹೇಳಿ ಫೋನ್ ಇಡಿ. ಅವರು ಎರಡು ಕೆ.ಜಿ. ಬದನೆ ತಂದರೆ ಆ ಬದನೆ ಅವರ ದಿನದ ಅಡುಗೆಗೇ ಹೋಗಲಿ. ಅವರ ರಾತ್ರಿ ಉಪ್ಪು ಕಡಿಮೆಯಾದರೂ ಊಟ ಒಂದು ಗಂಟೆ ತಡವಾದರೂ ಸೌಟು ಕಸಿದುಕೊಳ್ಳಬೇಡಿ. ನಿಮಗೆ ಇಡೀ ಸಲಹೆಯಲ್ಲಿ ಕಷ್ಟವಾಗುವುದು ಇದೊಂದೇ ಇರಬಹುದು.

ಮಕ್ಕಳಿಗೆ ‘ಏನು ಬೇಕು’ ಎಂದು ಕೇಳಬೇಡಿ, ಮುಗಿಯದ ಕತೆ. ನಾಲ್ವರೂ ತಾವು ತಕರಾರಿಲ್ಲದೆ ಉಣ್ಣುವ ಮೂರು ಮೂರು ಅಡುಗೆ ಚೀಟಿಯಲ್ಲಿ ಬರೆಯಿರಿ. ಹನ್ನೆರಡು ಚೀಟಿ ಆಗುತ್ತವೆ, ವಾರಕ್ಕೆ ನಾಲ್ಕರಂತೆ ಮೂರು ವಾರ ಕಳೆಯಿತು. ಹದಿಮೂರರ ಮಗು ವಾರಕ್ಕೊಂದು ರಾತ್ರಿ ಅಕ್ಕಿ ತೊಳೆದು ಅನ್ನಕ್ಕಿಡುವಷ್ಟು ದೊಡ್ಡದು.

ಬರೆದ ಪಟ್ಟಿಗಳನ್ನು ಎಸೆಯಬೇಡಿ. ಏನು ಉಳಿಯಿತು, ಏನು ಸಾಲಲಿಲ್ಲ ಎಂದು ಅಂಚಿನಲ್ಲಿ ಗೀಚಿ ಎತ್ತಿಡಿ. ನಾಲ್ಕನೇ ವಾರ ಮೊದಲನೇ ವಾರದ ಪಟ್ಟಿಯನ್ನೇ ಮತ್ತೆ ಅಂಟಿಸಿ. ಬಹುಶಃ ಯಾರೂ ಗುರುತಿಸುವುದಿಲ್ಲ. ಗುರುತಿಸಿ ಗೊಣಗಿದವರಿಗೆ ಐದನೇ ವಾರದ ಪಟ್ಟಿ ಬರೆಯುವ ಕೆಲಸ.